ನರ್ಮದೆಯ ದಂಡೆಯ ಬಾಲವಿಜ್ಞಾನಿಗಳು

ಬೆಂಗಳೂರಿನಿಂದ ದೆಹಲಿಗೆ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ರೈಲು ಮಹಾರಾಷ್ಟ್ರವನ್ನು ದಾಟಿ ಮಧ್ಯಪ್ರದೇಶವನ್ನು ಹೊಕ್ಕು, ಇಟಾರ್ಸಿ ಎಂಬ ದೊಡ್ಡ ಜಂಕ್ಷನ್ನನ್ನು ಹಾದು ಹೋಗುತ್ತದೆ. ಅಲ್ಲಿಂದ ಸುಮಾರು 18 ಕಿ.ಮೀ. ಮುಂದೆ, ನರ್ಮದಾ ನದಿಯ ದಕ್ಷಿಣ ದಂಡೆಯ ಮೇಲೆ ಒಂದು ಜಿಲ್ಲಾ ಕೇಂದ್ರವಿದೆ. ಮಾಳವದ ಸುಲ್ತಾನ ಹೋಶಂಗ್ ಷಾನ ಹೆಸರು ಹೊತ್ತು ಶತಮಾನಗಳ ಕಾಲ ಹೋಶಂಗಾಬಾದ್ ಎನಿಸಿಕೊಂಡಿದ್ದ ಈ ಊರಿಗೆ 2022ರಲ್ಲಿ ನರ್ಮದಾಪುರಂ ಎಂದು ಮರುನಾಮಕರಣವಾಯಿತು. ದೆಹಲಿ ಪ್ರವಾಸಕ್ಕೆ ಹೊರಟ ಕನ್ನಡಿಗರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ಆದರೆ ಮಕ್ಕಳಿಗೆ ವಿಜ್ಞಾನ ಕಲಿಸುವ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಇದು ನೋಡಲೇಬೇಕಾದ, ಕನಿಷ್ಠ ತಿಳಿದಿರಲೇಬೇಕಾದ ಊರು.

ಊರಿನಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ನದಿಗೆ ಇಳಿಯುವ ವಿಶಾಲವಾದ ಕಲ್ಲಿನ ಸೇಠಾಣಿ ಘಾಟ್ ಇದೆ. ಸಮೀಪದ ಆದಮ್‌ಗಢ ಗುಡ್ಡದ ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳಿವೆ. ನಮ್ಮ ನೋಟುಗಳಿಗೆ ಬೇಕಾದ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ಇಲ್ಲಿಯೇ ಇದೆ. ತವಾ ನದಿ ನರ್ಮದೆಯನ್ನು ಸೇರುವ ಬಾಂದ್ರಾಭಾನ್ ಹತ್ತಿರದಲ್ಲೇ ಇದೆ. ಸುತ್ತಲೂ ಗೋಧಿ, ಸೋಯಾ ಬೆಳೆಯುವ ಕಪ್ಪು ಮಣ್ಣಿನ ಬಯಲು. ಈ ಬಯಲಿನ ಹಳ್ಳಿಶಾಲೆಗಳಲ್ಲಿ ಮೂವತ್ತು ವರ್ಷಗಳ ಕಾಲ ನಡೆದ ಒಂದು ಪ್ರಯೋಗವೇ ಈ ಊರಿನ ಹೆಸರನ್ನು ದೇಶದ ಶಿಕ್ಷಣ ಚರಿತ್ರೆಯಲ್ಲಿ ಸೇರಿಸಿತು.

ಹದಿನಾರು ಶಾಲೆಗಳಿಂದ ಆರಂಭ

1972ನೆಯ ಇಸವಿ. ಊರಿನ ಅಂಚಿನ ರಸೂಲಿಯಾದಲ್ಲಿದ್ದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ಅದೇ ಜಿಲ್ಲೆಯ ಬನಖೇಡಿ ಬಳಿ ಹೊಸದಾಗಿ ಹುಟ್ಟಿದ್ದ ಕಿಶೋರ್ ಭಾರತಿ ಎಂಬ ಎರಡು ಸಂಸ್ಥೆಗಳು ರಾಜ್ಯ ಸರ್ಕಾರದ ಮುಂದೆ ಒಂದು ಕೋರಿಕೆ ಇಟ್ಟವು. ಆರರಿಂದ ಎಂಟನೆಯ ತರಗತಿಯವರೆಗಿನ ವಿಜ್ಞಾನವನ್ನು ಪ್ರಯೋಗಗಳ ಮೂಲಕವೇ ಕಲಿಸಲು ಅನುಮತಿ ಬೇಕು ಎಂಬುದೇ ಆ ಕೋರಿಕೆ. ಸರ್ಕಾರ ಒಪ್ಪಿತು, ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕೆಲಸ ಶುರುವಾಯಿತು. ಕಿಶೋರ್ ಭಾರತಿಯನ್ನು ಕಟ್ಟಿದ ಅನಿಲ್ ಸದ್ಗೋಪಾಲ್ ಅಮೆರಿಕದಲ್ಲಿ ಓದಿ ಬಂದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ಜೀವವಿಜ್ಞಾನಿ. ಅದೇ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಹಳ್ಳಿಯ ಮೇಷ್ಟರುಗಳಿಗೆ ತರಬೇತಿ ನೀಡಲು ಬರತೊಡಗಿದರು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಇದನ್ನು ಮುಂದುವರಿಸಲೆಂದೇ ಏಕಲವ್ಯ ಎಂಬ ಸಂಸ್ಥೆ ಸ್ಥಾಪನೆಯಾಯಿತು.

ಹಳ್ಳಿಶಾಲೆಯಲ್ಲಿ ಪ್ರಯೋಗಾಲಯ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಿಯಾರು. ಪ್ರತ್ಯೇಕ ಕೊಠಡಿಯನ್ನು ಇಲ್ಲಿ ಯಾರೂ ಕಾಯಲಿಲ್ಲ. ಶಾಲೆಗೊಂದು ಕಿಟ್ ಕೊಡಲಾಯಿತು. ಉಳಿದದ್ದು ಊರಿನಲ್ಲೇ ಸಿಕ್ಕಿತು. ಬಳಸಿ ಬಿಸಾಡಿದ ಇಂಜೆಕ್ಷನ್ ಬಾಟಲಿ, ಹೂವಿನ ಒಳಭಾಗವನ್ನು ಬಿಡಿಸಿ ನೋಡಲು ಸೂಜಿಯ ಬದಲು ಜಾಲಿಯ ಮುಳ್ಳು, ಹೊಲದ ಮಣ್ಣು, ಬೇಲಿಯ ಎಲೆ ಎಲ್ಲವೂ ಉಪಕರಣಗಳೇ. ನಾಲ್ಕು ಮಕ್ಕಳ ಒಂದು ಗುಂಪು, ಅದಕ್ಕೆ ‘ಟೋಲಿ’ ಎಂದು ಹೆಸರು. ಪ್ರಯೋಗ ಮಾಡುವುದು ಟೋಲಿ, ಚರ್ಚಿಸುವುದು ಇಡೀ ತರಗತಿ.

ಉತ್ತರವಿಲ್ಲದ ಪುಸ್ತಕ

ಮಕ್ಕಳ ಕೈಗೆ ಕೊಟ್ಟ ಪುಸ್ತಕದ ಹೆಸರು ‘ಬಾಲ ವೈಜ್ಞಾನಿಕ’. ಅದರಲ್ಲಿ ಹೀಗೆ ಮಾಡಿ, ಹಾಗೆ ಜೋಡಿಸಿ ಎಂಬ ಸೂಚನೆಗಳಿವೆ. ಏನು ಕಂಡಿತು, ಏಕೆ ಹಾಗಾಯಿತು ಎಂಬ ಪ್ರಶ್ನೆಗಳಿವೆ. ಉತ್ತರಗಳು ಮಾತ್ರ ಇಲ್ಲ! ತಾನು ಕಂಡದ್ದನ್ನು ಮಗು ತನ್ನ ನೋಟುಬುಕ್ಕಿನಲ್ಲಿ ಬರೆದಾಗಲೇ ಪುಸ್ತಕ ಪೂರ್ಣವಾಗುವುದು.

ಈ ಪುಸ್ತಕದ ಒಂದು ಪಾಠವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ದೂರವನ್ನು ಅಳೆಯುವ ಪಾಠ ಅದು. ಒಂದು ಮೇಜಿನ ಉದ್ದವನ್ನು ಹತ್ತು ಮಂದಿ ಮಕ್ಕಳು ಅಳೆಯುತ್ತಾರೆ ಎಂದುಕೊಳ್ಳೋಣ. ಒಬ್ಬನಿಗೆ 121.4 ಸೆಂ.ಮೀ. ಬರುತ್ತದೆ, ಇನ್ನೊಬ್ಬಳಿಗೆ 121.7, ಮತ್ತೊಬ್ಬನಿಗೆ 121.5. ಅಳತೆಪಟ್ಟಿಯ ತುದಿ ಸವೆದಿದ್ದರೆ ಇನ್ನೂ ಬೇರೆ. ಸಾಮಾನ್ಯ ತರಗತಿಯಲ್ಲಿ ಉಪಾಧ್ಯಾಯರು ‘ಸರಿ’ ಉತ್ತರವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಉಳಿದವರು ತಮ್ಮದನ್ನು ಅಳಿಸಿ ಅದನ್ನೇ ಬರೆದುಕೊಳ್ಳುತ್ತಾರೆ. ವಿಜ್ಞಾನ ಅಲ್ಲಿಗೆ ಮುಗಿಯಿತು! ಹೋಶಂಗಾಬಾದಿನ ಮಕ್ಕಳು ಅಳಿಸಲಿಲ್ಲ. ಅಳತೆಗಳ ನಡುವಿನ ಈ ವ್ಯತ್ಯಾಸಕ್ಕೆ ಅವರ ಪುಸ್ತಕದಲ್ಲಿ ‘ತಪ್ಪು’ ಎಂಬ ಹೆಸರಿರಲಿಲ್ಲ. ‘ಘಟ್-ಬಢ್’, ಎಂದರೆ ‘ಹೆಚ್ಚು-ಕಡಿಮೆ’ ಎಂಬ ಹೆಸರಿತ್ತು. ಎಷ್ಟು ಎಚ್ಚರಿಕೆಯಿಂದ ಅಳೆದರೂ ಸ್ವಲ್ಪ ಹೆಚ್ಚು-ಕಡಿಮೆ ಉಳಿದೇ ಉಳಿಯುತ್ತದೆ. ಹಾಗಾದರೆ ಮೇಜಿನ ಉದ್ದ ಎಷ್ಟು? ಯಾವ ಅಳತೆಯನ್ನು ನಂಬಬಹುದು? ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು? ದೊಡ್ಡ ಸಂಶೋಧನಾಲಯಗಳಲ್ಲಿ ವಿಜ್ಞಾನಿಗಳು ದಿನವೂ ಎದುರಿಸುವ ಪ್ರಶ್ನೆಯೇ ಇದು. ಹನ್ನೊಂದು ವರ್ಷದ ಮಗು ಅದನ್ನು ಹಳ್ಳಿಯ ಶಾಲೆಯಲ್ಲಿ ಕುಳಿತು ಎದುರಿಸಿತು.

ಪುಸ್ತಕದಲ್ಲಿಲ್ಲದ ಸಂದೇಹ ಬಂದರೆ ಏನು ಮಾಡಬೇಕು? ಅದಕ್ಕೆ ‘ಸವಾಲಿರಾಮ್’ ಇದ್ದ. ಹಿಂದಿಯಲ್ಲಿ ಸವಾಲ್ ಎಂದರೆ ಪ್ರಶ್ನೆ. ಕಾರ್ಯಕ್ರಮದವರು ಸೃಷ್ಟಿಸಿದ ಈ ಕಲ್ಪಿತ ವ್ಯಕ್ತಿಗೆ ಮಕ್ಕಳು ಕಾಗದ ಬರೆದು ಪ್ರಶ್ನೆ ಕೇಳಬಹುದಿತ್ತು. ಉತ್ತರ ಅಂಚೆಯಲ್ಲಿ ಬರುತ್ತಿತ್ತು.

ಶಿಕ್ಷಕರ ಪಾಲಿಗೂ ಇದು ಸುಲಭದ ದಾರಿಯಾಗಿರಲಿಲ್ಲ. ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ತರಬೇತಿ. ಅಲ್ಲಿ ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೆಲ್ಲ ಅವರೇ ಮಾಡಿ ನೋಡಬೇಕು. ತಿಂಗಳಿಗೊಮ್ಮೆ ಹತ್ತಿರದ ಸಂಗಮ ಕೇಂದ್ರದಲ್ಲಿ ಸೇರಿ ಕಷ್ಟಸುಖ ಚರ್ಚಿಸಬೇಕು. ‘ನನಗೂ ಗೊತ್ತಿಲ್ಲ, ಮಾಡಿ ನೋಡೋಣ’ ಎಂದು ಮಕ್ಕಳ ಮುಂದೆ ಹೇಳಲು ಧೈರ್ಯ ಬೇಕು. ಆ ಧೈರ್ಯವನ್ನು ಬೆಳೆಸುವುದೇ ತರಬೇತಿಯ ಮುಖ್ಯ ಭಾಗ.

ಪುಸ್ತಕ ತೆರೆದು ಪರೀಕ್ಷೆ

ತಂದೆತಾಯಿಗಳು ಇಲ್ಲಿ ಕೇಳುವ ಪ್ರಶ್ನೆ ಒಂದೇ: ‘ಪರೀಕ್ಷೆಗೆ ಏನು ಗತಿ?’ ಹೋಶಂಗಾಬಾದಿನವರು ಈ ಪ್ರಶ್ನೆಯನ್ನು ಮರೆಯಲಿಲ್ಲ. ಕಲಿಸುವ ಕ್ರಮ ಬದಲಾಗಿ ಪರೀಕ್ಷೆ ಹಳೆಯದೇ ಉಳಿದರೆ ಕಲಿಕೆಯೂ ಬೇಗ ಹಳೆಯ ಹಾದಿಗೇ ಮರಳುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಆದುದರಿಂದ ಪರೀಕ್ಷೆಯನ್ನೇ ಬದಲಿಸಿದರು. ಮಕ್ಕಳು ಪುಸ್ತಕ, ನೋಟುಬುಕ್ಕುಗಳನ್ನು ಪರೀಕ್ಷೆಗೆ ತರಬಹುದಿತ್ತು. ಲಿಖಿತ ಪರೀಕ್ಷೆಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು.

ಪುಸ್ತಕ ತೆರೆದಿಟ್ಟವನಿಗೆ ‘ಕಾಂತ ಎಂದರೇನು?’ ಎಂದು ಕೇಳಿ ಪ್ರಯೋಜನವಿಲ್ಲ. ಅಂಥ ಪರೀಕ್ಷೆಗೆ ಒಪ್ಪುವ ಪ್ರಶ್ನೆಯ ಮಾದರಿ ಬೇರೆ. ನೋಡಲು ಒಂದೇ ರೀತಿಯ ಎರಡು ಸರಳುಗಳಿವೆ; ಒಂದು ಕಾಂತ, ಇನ್ನೊಂದು ಬರೀ ಕಬ್ಬಿಣ. ಬೇರೆ ಯಾವ ವಸ್ತುವನ್ನೂ ಬಳಸದೆ ಕಾಂತ ಯಾವುದೆಂದು ಹೇಳಬೇಕು. ವ್ಯಾಖ್ಯೆ ಬಾಯಿಪಾಠ ಮಾಡಿದವನು ತಬ್ಬಿಬ್ಬಾಗುತ್ತಾನೆ. ಕಬ್ಬಿಣದ ಪುಡಿಯಲ್ಲಿ ಕಾಂತವನ್ನು ಹೊರಳಿಸಿ, ಪುಡಿ ತುದಿಗಳಿಗೆ ಗೊಂಚಲಾಗಿ ಅಂಟುತ್ತದೆ, ನಡುವೆ ಅಂಟುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡವಳು ಒಂದು ಸರಳಿನ ತುದಿಯನ್ನು ಇನ್ನೊಂದರ ನಡುವಿಗೆ ಮುಟ್ಟಿಸಿ ನೋಡುತ್ತಾಳೆ. ಸೆಳೆತ ಕಂಡರೆ ಕೈಯಲ್ಲಿರುವುದೇ ಕಾಂತ, ಕಾಣದಿದ್ದರೆ ಇನ್ನೊಂದು.

ಬೆಂಕಿಕಡ್ಡಿಯ ತ್ರಿಕೋನ

1978ರಲ್ಲಿ ಪುಣೆಯ ಟೆಲ್ಕೊ ಕಾರ್ಖಾನೆಯ ತರುಣ ಎಂಜಿನಿಯರೊಬ್ಬರು ಒಂದು ವರ್ಷ ರಜೆ ಹಾಕಿ ಇಲ್ಲಿಗೆ ಬಂದರು. ಅವರೇ ಅರವಿಂದ ಗುಪ್ತ. ಹಳ್ಳಿಯ ವಾರದ ಸಂತೆಯಲ್ಲಿ ಅಗ್ಗವಾಗಿ ಸಿಗುವ ವಸ್ತುಗಳನ್ನು ಹುಡುಕುತ್ತಾ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬುಗಳಿಂದ ಮಾದರಿಗಳನ್ನು ಜೋಡಿಸುವ ಉಪಾಯ ಕಂಡುಹಿಡಿದರು. ನಾಲ್ಕು ಕಡ್ಡಿಗಳನ್ನು ಟ್ಯೂಬಿನ ತುಂಡುಗಳಿಂದ ಜೋಡಿಸಿದರೆ ಚೌಕವಾಗುತ್ತದೆ. ಸ್ವಲ್ಪ ಒತ್ತಿದರೆ ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನವನ್ನು ಒತ್ತಿದರೆ ಅದು ಆಕಾರ ಬಿಡುವುದಿಲ್ಲ. ಮನೆಯ ಮಾಡಿನ ತೊಲೆಗಳಲ್ಲಿ, ಉಕ್ಕಿನ ಸೇತುವೆಗಳಲ್ಲಿ, ವಿದ್ಯುತ್ ಗೋಪುರಗಳಲ್ಲಿ ತ್ರಿಕೋನಗಳು ಏಕಿವೆ ಎಂಬುದು ಆ ಕ್ಷಣದಲ್ಲೇ ಬೆರಳುಗಳಿಗೆ ತಿಳಿಯುತ್ತದೆ. ಮುಂದೆ ಗುಪ್ತರು ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನೇ ಜೀವನದ ಕಾಯಕ ಮಾಡಿಕೊಂಡರು. 2018ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ನಿಂತದ್ದು, ಉಳಿದದ್ದು

ಹದಿನಾರು ಶಾಲೆಗಳಲ್ಲಿ ಹುಟ್ಟಿದ ಕಾರ್ಯಕ್ರಮ ಕ್ರಮೇಣ ಮಧ್ಯಪ್ರದೇಶದ 15 ಜಿಲ್ಲೆಗಳ ಸುಮಾರು ಒಂದು ಸಾವಿರ ಶಾಲೆಗಳನ್ನು ತಲುಪಿತು. ಆದರೆ ಈ ಶಾಲೆಗಳ ಪುಸ್ತಕ ಬೇರೆ, ರಾಜ್ಯದ ಉಳಿದ ಶಾಲೆಗಳ ಪುಸ್ತಕ ಬೇರೆ. ಹೀಗಾದರೆ ನಮ್ಮ ಮಕ್ಕಳು ಹಿಂದುಳಿಯುತ್ತಾರೆ ಎಂಬ ಆಕ್ಷೇಪಗಳೂ ಎದ್ದವು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ದೇಶದ ಅನೇಕ ವಿಜ್ಞಾನಿಗಳೂ ಶಿಕ್ಷಣತಜ್ಞರೂ ಪ್ರತಿಭಟಿಸಿದರೂ ಫಲ ದೊರೆಯಲಿಲ್ಲ. ಮೂವತ್ತು ವರ್ಷಗಳ ಕೆಲಸ ಒಂದು ಆದೇಶದಿಂದ ನಿಂತುಹೋಯಿತು.

ತಮ್ಮ ಮಗು ಹಿಂದುಳಿದೀತು ಎಂಬ ಹೆತ್ತವರ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮುಂದಿನ ತರಗತಿ, ಮುಂದಿನ ಪರೀಕ್ಷೆ, ಮುಂದಿನ ಕೆಲಸ ಎಲ್ಲವೂ ಅಂಕಗಳ ಮೇಲೆಯೇ ನಿಂತಿರುವಾಗ ಅಂಜದಿರುವುದು ಕಷ್ಟ. ಆದರೆ ಅದೇ ಅಂಜಿಕೆಯಿಂದ ನಾವು ಮಕ್ಕಳ ಕೈಗಳನ್ನು ಕಟ್ಟಿಹಾಕುತ್ತೇವೆ. ಎಷ್ಟೋ ಶಾಲೆಗಳಲ್ಲಿ ಪ್ರಯೋಗಾಲಯದ ಬೀರುವಿಗೆ ಬೀಗ ಬೀಳುವುದೂ, ಪ್ರಯೋಗ ಮಾಡದೆಯೇ ರೆಕಾರ್ಡ್ ಪುಸ್ತಕ ತುಂಬುವುದೂ ಇದರಿಂದಲೇ. ಕಂಠಪಾಠದಿಂದ ಕಲಿಕೆಯನ್ನು ಬಿಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿತು. ಹೋಶಂಗಾಬಾದಿನ ಹಳ್ಳಿಗಳು ಅದನ್ನು ಮೂರು ದಶಕಗಳ ಮೊದಲೇ ಮಾಡಿ ತೋರಿಸಿದ್ದವು.

ಏಕಲವ್ಯ ಸಂಸ್ಥೆ ಭೋಪಾಲವನ್ನು ಕೇಂದ್ರವಾಗಿಟ್ಟುಕೊಂಡು ಪುಸ್ತಕ, ಪತ್ರಿಕೆಗಳ ಮೂಲಕ ಇಂದಿಗೂ ಕೆಲಸ ಮಾಡುತ್ತಿದೆ. ಆ ಕಡೆ ಪ್ರಯಾಣ ಮಾಡುವ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ನರ್ಮದೆಯ ಘಾಟಿನ ಜೊತೆಗೆ ಇದೂ ನೆನಪಿರಲಿ. ಹೋಗಲಾಗದವರು ಮನೆಯಲ್ಲೇ ಆರಂಭಿಸಬಹುದು. ಇಂದು ಸಂಜೆ ಮನೆಮಂದಿಯೆಲ್ಲ ಊಟದ ಮೇಜನ್ನೋ ಬಾಗಿಲನ್ನೋ ಒಬ್ಬರಿಗೊಬ್ಬರು ಹೇಳದೆ ಒಂದೊಂದು ಸಲ ಅಳೆದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಚೀಟಿಗಳನ್ನು ಬಿಡಿಸಿ ನೋಡಿ. ಒಂದೇ ಉತ್ತರ ಬರಲಿಕ್ಕಿಲ್ಲ. ಯಾವುದನ್ನೂ ಅಳಿಸಬೇಡಿ, ಅದು ಏಕೆ ಹಾಗೆ ಬಂತು ಎಂದು ಮಕ್ಕಳನ್ನೇ ಕೇಳಿ.