ಅಲುಗಾಡಲಿ ಬಿಡಿ

ಮಗುವಿಗೆ ವರ್ಷ ತುಂಬಿತೆಂದರೆ ಸ್ಟುಡಿಯೋಗೆ ಕರೆದೊಯ್ಯುವುದು ನಮ್ಮ ಕಡೆ ಒಂದು ಶಾಸ್ತ್ರವೇ ಆಗಿತ್ತು. ಕಣ್ಣಿಗೆ ಕಾಡಿಗೆ, ಕೆನ್ನೆಗೊಂದು ದೃಷ್ಟಿಬೊಟ್ಟು, ಸೊಂಟಕ್ಕೆ ಉಡಿದಾರ. ಹಿಂದಿನ ಪರದೆಯಲ್ಲಿ ಹಿಮದ ಬೆಟ್ಟವೋ ಸರೋವರವೋ. ಹೊಳೆನರಸೀಪುರದ ಮಗುವೂ ಅರಕಲಗೂಡಿನ ಮಗುವೂ ಅಂಥದೇ ಬೆಟ್ಟದ ಮುಂದೆ ಕೂತು, ಪಕ್ಕದಲ್ಲಿ ಗಿಲಕಿ ಆಡಿಸುವ ಸೋದರಮಾವನನ್ನು ಕಣ್ಣರಳಿಸಿ ನೋಡುತ್ತಿದ್ದವು. "ಅಲುಗಾಡಬೇಡಿ" ಎಂಬ ಮಾತು ಅಲ್ಲಿ ಮಂತ್ರದ ಹಾಗೆ ಕೇಳಿಸುತ್ತಿತ್ತು. ಆ ಫೋಟೋಗಳ ಮೇಲೆ ನನಗೆ ಬಹಳ ಪ್ರೀತಿ. ಆದರೂ ಅವುಗಳಲ್ಲಿ ಮಗು ಬೆಳೆದ ಮನೆ ಎಲ್ಲೂ ಕಾಣುವುದಿಲ್ಲ.

ಅದಕ್ಕೆ ಕಾರಣವೂ ಇತ್ತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಇದ್ದ ಮನೆಗಳೇ ಅಪರೂಪ. ಒಂದು 120 ರೋಲಿನಲ್ಲಿ ಅದು ಕೊಡುತ್ತಿದ್ದುದು 12 ಫೋಟೋ. ನಾಮಕರಣಕ್ಕೆರಡು, ಮದುವೆಗೆ ನಾಲ್ಕು ಎಂದು ಎಣಿಸಿ ಖರ್ಚು ಮಾಡುವ ಕಾಲದಲ್ಲಿ, ರಾಗಿಹಿಟ್ಟಿನ ಡಬ್ಬಿಗೆ ಕೈ ಹಾಕಿದ ಮಗುವಿಗೆಂದು ಒಂದನ್ನು ಯಾರು ಕಳೆಯುತ್ತಿದ್ದರು? ಇಂದು ಎಲ್ಲರ ಕೈಯಲ್ಲೂ ಫೋನಿದೆ. ಹಿಂದಿನವರು ತೆಗೆಯಲಾಗದ್ದನ್ನು ನಾವು ತೆಗೆಯಬಹುದು.

ಮನೆಯೊಳಗೆ ಮಕ್ಕಳ ಫೋಟೋ ತೆಗೆಯುವವರಿಗೆ ಮೊದಲು ತಿಳಿದಿರಬೇಕಾದದ್ದು ಬೆಳಕು ಯಾವ ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂಬುದು. ಹೊಳೆನರಸೀಪುರದಲ್ಲಿ ನನ್ನ ತವರಿನದು ಹೆಂಚಿನ ಮನೆ. ನಡುಮನೆಯ ಸೂರಿನಲ್ಲಿ ಗಾಜಿನ ಹೆಂಚುಗಳಿವೆ. ಹೊತ್ತೇರಿದ ಮೇಲೆ ಅಲ್ಲಿಂದ ಇಳಿದ ಬಿಸಿಲು ಕೆಂಪು ಗಾರೆಯ ನೆಲದಲ್ಲಿ ಚೌಕವಾಗಿ ಬಿದ್ದು, ಊಟದ ಹೊತ್ತಿಗೆ ಅಡುಗೆಮನೆಯ ಹೊಸ್ತಿಲ ಕಡೆ ಸರಿಯುತ್ತದೆ. ಅಂಬೆಗಾಲಿಡುತ್ತಿದ್ದಾಗ ನನ್ನ ಮಗಳು ಆ ಚೌಕವನ್ನು ಎತ್ತಿಕೊಳ್ಳಲು ನೋಡುತ್ತಿದ್ದಳು. ಅಂಗೈ ಮೇಲಿದ್ದ ಬಿಸಿಲು ಮುಷ್ಟಿ ಕಟ್ಟಿದರೆ ಮುಷ್ಟಿಯ ಮೇಲೆ ಕೂರುತ್ತಿತ್ತು. ಮತ್ತೆ ಬಿಡಿಸುವಳು, ಮತ್ತೆ ಕಟ್ಟುವಳು. ಒರಳಿನ ಪಕ್ಕ ಗೋಡೆಗೊರಗಿ ಕೂತು ತೆಗೆದ ಆ ಫೋಟೋ ಇಂದಿಗೂ ನನಗೆ ಎಲ್ಲಕ್ಕಿಂತ ಇಷ್ಟ.

ಅರಕಲಗೂಡಿನ ಅತ್ತೆಮನೆಯ ಬೆಳಕೇ ಬೇರೆ. ಮಲೆನಾಡಿನ ಮಳೆ ಬಯಲಿಗೆ ಇಳಿಯುವ ಅಂಚು ಅದು. ಶ್ರಾವಣ ಭಾದ್ರಪದದಲ್ಲಿ ಜಗಲಿಯ ಮೇಲೆ ದಿನವಿಡೀ ಮೋಡದ ಬೆಳಕು. ಮುಖದ ಮೇಲೆ ಗಡಸು ನೆರಳು ಬೀಳುವುದೇ ಇಲ್ಲ. ಮುಂಗಾರಿಗೆ ಹಾಕಿದ ಆಲೂಗೆಡ್ಡೆಯನ್ನು ಕಿತ್ತು ತಂದು ಪಡಸಾಲೆಯಲ್ಲಿ ರಾಶಿ ಹಾಕಿದ್ದರು. ಮಗ ಗೋಲಿಯಷ್ಟಿದ್ದವನ್ನೇ ಆರಿಸಿ ಚಡ್ಡಿಯ ಜೇಬಿಗೆ ತುಂಬುತ್ತಿದ್ದ. "ಏನ್ ಮಾಡ್ತೀಯ್ಲಾ ಅವ್ನ?" ಅಂದರು ನಮ್ಮತ್ತೆ. "ಮರಿ ಕಣಜ್ಜಿ, ಸಾಕ್ತೀನಿ" ಅಂದ. ಅಜ್ಜಿಯ ನಗು, ಅವನ ಉಬ್ಬಿದ ಜೇಬು, ಮಣ್ಣು ಮೆತ್ತಿದ ಮೊಣಕಾಲು ಎಲ್ಲ ಒಂದೇ ಚೌಕಟ್ಟಿನಲ್ಲಿ ಸಿಕ್ಕವು. ಸ್ನಾನ ಮಾಡಿಸಿ, ತಲೆ ಬಾಚಿ ಕೂರಿಸಿದ್ದರೆ ಅದು ಎಲ್ಲಿ ಸಿಗುತ್ತಿತ್ತು?

ಚನ್ನರಾಯಪಟ್ಟಣದ ಹತ್ತಿರ ಅಕ್ಕನ ಮನೆ ತೆಂಗಿನ ತೋಟದಲ್ಲಿದೆ. ಅಟ್ಟದ ತುಂಬ ಕೊಬ್ಬರಿಗೆಂದು ಬಿಟ್ಟ ಕಾಯಿ, ಅಂಗಳದ ತುಂಬ ಗರಿಗಳ ನೆರಳು. ಭಾವ ಗರಿ ಸೀಳಿ ಪೀಪಿ ಸುತ್ತಿಕೊಟ್ಟರೆ ಊದುವ ಕೆನ್ನೆಗಳ ಮೇಲೆ ಬಿಸಿಲು ಗೆರೆಗೆರೆಯಾಗಿ ಓಡಾಡುತ್ತದೆ. ಹಾಸನದ ನಮ್ಮ ಬಾಡಿಗೆ ಮನೆಯಲ್ಲಿ ಇರುವುದು ಪೂರ್ವಕ್ಕೊಂದು ಕಿಟಕಿ. ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ ಹಾಸನಾಂಬೆಯ ಬಾಗಿಲು ತೆರೆದರೆ, ಬಲಿಪಾಡ್ಯಮಿ ಮುಗಿಯುವ ತನಕ ಮನೆ ತುಂಬ ನೆಂಟರು, ಹಾಲಿನ ಉದ್ದಕ್ಕೂ ಹಾಸಿಗೆ. ಬೆಳಗಿನ ಕಿಟಕಿ ಬೆಳಕಿನಲ್ಲಿ ನೋಡಿದರೆ ಯಾರದೋ ಕಂಬಳಿಯಲ್ಲಿ ಯಾರದೋ ಮಗು, ಅದರ ಹೊಟ್ಟೆಯ ಮೇಲೆ ಇನ್ನೊಂದರ ಕಾಲು.

ಇದಕ್ಕೆಲ್ಲ ದೊಡ್ಡ ಸಾಮಾನು ಬೇಕಿಲ್ಲ. ಫ್ಲ್ಯಾಷ್ ಆಫ್ ಮಾಡಿ. ಮಗುವಿನ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ನಿಂತು ತೆಗೆದರೆ ನೆತ್ತಿಯೂ ನೆಲವೂ ಮಾತ್ರ ಬರುತ್ತವೆ. ಹೆಸರು ಹಿಡಿದು ಕೂಗಬೇಡಿ, ನಗು ಎನ್ನಬೇಡಿ. ಕ್ಯಾಮೆರಾ ಇದ್ದವರಿಗೆ 35 ಅಥವಾ 50 ಮಿ.ಮೀ. ಲೆನ್ಸ್ ಸಾಕು. ಓಡಾಡುವ ಮಗುವಿಗೆ ಶಟರ್ ವೇಗ ಸೆಕೆಂಡಿನ 1/250 ಆದರೂ ಇರಲಿ. ಒಳಮನೆಯ ಮಬ್ಬಿನಲ್ಲಿ ಐಎಸ್‌ಓ 1600, 3200ಕ್ಕೆ ಏರಿಸಲು ಹೆದರಬೇಡಿ. ಕಲಸಿಹೋದ ಮುಖಕ್ಕಿಂತ ಕಾಳುಕಾಳಾದ ಫೋಟೋ ಮೇಲು. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೋಕ್ಕೆಂದು ಮನೆ ಓರಣ ಮಾಡಬೇಡಿ. ಒಣಗಲು ಹಾಕಿದ ಬಟ್ಟೆ, ಮೂಲೆಯ ಮೊರ, ಗೋಡೆಯ ಕ್ಯಾಲೆಂಡರ್ ಇರಲಿ. ಮಕ್ಕಳು ಬೆಳೆಯುವಷ್ಟೇ ಬೇಗ ಮನೆಯೂ ಬದಲಾಗುತ್ತದೆ. ಬಚ್ಚಲಿನ ತಾಮ್ರದ ಹಂಡೆ ಇದ್ದ ಜಾಗಕ್ಕೆ ಗೀಸರ್ ಬರುತ್ತದೆ, ಹೆಂಚಿನ ಸೂರು ಹೋಗಿ ತಾರಸಿ ಬರುತ್ತದೆ.

ಕೂತ ಭಂಗಿಗಿಂತ ನಡೆಯುತ್ತಿರುವ ಗಳಿಗೆ ಚೆಂದ ಎಂಬುದನ್ನು ನಮ್ಮ ಜಿಲ್ಲೆಯ ಕಲ್ಲುಗಳೇ ಹೇಳುತ್ತವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಅವಳು ಅದನ್ನು ಗದರಿಸಲು ಕೈಯೆತ್ತಿದ್ದಾಳೆ. ಇನ್ನೊಂದು ಶಿಲ್ಪದಲ್ಲಿ ಹಣ್ಣಿನ ಮೇಲೆ ಕೂತ ನೊಣಕ್ಕೆ ಹಲ್ಲಿ ಹೊಂಚು ಹಾಕಿದೆ. ನಮ್ಮ ಕಾಲಕ್ಕೆ ಬಂದರೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದ್ದರು. ಅವರ ಕ್ಯಾಮೆರಾದ ಮುಂದೆ ಮಕ್ಕಳು ತಮ್ಮ ಪಾಡಿಗೆ ತಾವು ಆಡುತ್ತಿದ್ದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಲೋಕಕ್ಕೆ ತೋರಿಸಲು ಅಷ್ಟು ಸಾಕಾಗಿತ್ತು: ಆಡುವ, ಅಳುವ, ಬೆರಗಿನಿಂದ ನೋಡುವ ಮಕ್ಕಳು.

ಮಗು ಬೇಡ ಎಂದು ಮುಖ ತಿರುಗಿಸಿದರೆ ಫೋನ್ ಕೆಳಗಿಡಬೇಕು. ಸ್ನಾನದ ಚಿತ್ರವನ್ನೂ ರಂಪ ಮಾಡಿ ಅತ್ತ ಚಿತ್ರವನ್ನೂ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬಾರದು. ಮನೆಯೊಳಗೆ ನಂಬಿಕೆಯಿಂದ ಇದ್ದ ಮಗುವಿನ ಗಳಿಗೆ ಮನೆಯವರಿಗೆ ಸೇರಿದ್ದು. ದೊಡ್ಡವನಾದ ಮೇಲೆ ಅದನ್ನು ಹಂಚುವುದೋ ಬಿಡುವುದೋ ಅವನ ಇಷ್ಟ.

ಕೊನೆಗೊಂದು ಮಾತು. ಫೋನ್ ಕಳೆಯುತ್ತದೆ, ಪಾಸ್‌ವರ್ಡ್ ಮರೆಯುತ್ತದೆ. ವರ್ಷಕ್ಕೊಮ್ಮೆ ಕೂತು, ಒಂದಷ್ಟು ಆರಿಸಿ ಪ್ರಿಂಟ್ ಹಾಕಿಸಿ. ಬೆನ್ನಿಗೆ ಊರು, ತಾರೀಖು, ಯಾರ ಮನೆ ಎಂದು ಪೆನ್ಸಿಲಿನಲ್ಲಿ ಬರೆದು ಆಲ್ಬಮ್ಮಿಗೆ ಸೇರಿಸಿ. ಮಕ್ಕಳು ದೊಡ್ಡವರಾಗಿ ಅದನ್ನು ತೆರೆದಾಗ, ಹಿಂದೆ ಕೂತ ಅಜ್ಜಿಯನ್ನು ಹುಡುಕುತ್ತಾರೆ. ಫೋಟೋ ತೆಗೆಯುವಾಗ ಅವರನ್ನು ಪಕ್ಕಕ್ಕೆ ಸರಿಯಿರಿ ಎನ್ನಬೇಡಿ.