ಸೀಸೆಯ ಜಗಳ, ಲೋಟದ ಹದ

ಒಂದು ಮದ್ಯದ ಹೆಸರಿಗಾಗಿ ದಕ್ಷಿಣ ಅಮೆರಿಕದ ಎರಡು ದೇಶಗಳು ಭಾರತದ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿದವು ಎಂದರೆ ನಂಬುವುದು ಕಷ್ಟ. ಆದರೆ ಪೆರು ಮತ್ತು ಚಿಲಿ ಅದನ್ನೇ ಮಾಡಿವೆ. ದ್ರಾಕ್ಷಿಯ ರಸವನ್ನು ಹುದುಗಿಸಿ ಭಟ್ಟಿ ಇಳಿಸಿದ ಸಾರಾಯಿಯೇ ಪಿಸ್ಕೊ. ಆ ಹೆಸರು ಯಾರದು ಎಂಬ ತಕರಾರು ಚೆನ್ನೈನಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಯಲ್ಲಿ ಹುಟ್ಟಿ ದೆಹಲಿ ಹೈಕೋರ್ಟಿನವರೆಗೆ ಹೋಯಿತು. 2025ರ ತೀರ್ಪಿನ ಸಾರ ಇಷ್ಟು: ಒಂದು ‘ಪೆರುವಿಯನ್ ಪಿಸ್ಕೊ’, ಇನ್ನೊಂದು ‘ಚಿಲಿಯನ್ ಪಿಸ್ಕೊ’; ಬರಿಯ ‘ಪಿಸ್ಕೊ’ ಎಂಬುದನ್ನು ಒಬ್ಬರೇ ಕಟ್ಟಿಕೊಳ್ಳುವಂತಿಲ್ಲ. ಅಣ್ಣತಮ್ಮಂದಿರ ಮನೆಹೆಸರಿನ ವ್ಯಾಜ್ಯದ ಹಾಗಿರುವ ಈ ಜಗಳಕ್ಕೆ ಅಷ್ಟು ಕಾವು ಬಂದಿರುವುದಕ್ಕೆ ಪಿಸ್ಕೊದಿಂದ ಮಾಡುವ ಒಂದು ಕಾಕ್‌ಟೇಲಿನ ಖ್ಯಾತಿಯೂ ಕಾರಣ. ಅದು ಪಿಸ್ಕೊ ಸವರ್. ಪಿಸ್ಕೊ, ನಿಂಬೆರಸ, ಸಕ್ಕರೆ ಪಾಕ, ಮೊಟ್ಟೆಯ ಬಿಳಿ, ಮೇಲೆ ಕಹಿದ್ರವ್ಯದ ಎರಡು ಮೂರು ಹನಿ: ಸಾಮಾನುಪಟ್ಟಿ ಇಲ್ಲಿಗೆ ಮುಗಿಯಿತು. ನನ್ನ ವಾದವೂ ಅಷ್ಟೇ ಚಿಕ್ಕದು. ಜಗಳವೆಲ್ಲ ಸೀಸೆಯ ಕುರಿತದ್ದು. ಪಾನೀಯದ ಸೋಲು ಗೆಲುವು ತೀರ್ಮಾನವಾಗುವುದು ಹುಳಿಯಲ್ಲಿ. ಸೀಸೆಯನ್ನು ಕಾನೂನು ಕಾಯುತ್ತದೆ, ಹುಳಿಯನ್ನು ಮಾಡುವವರ ಕೈಯೇ ಕಾಯಬೇಕು. ಆದ್ದರಿಂದ ಇದು ಮನೆಯಲ್ಲಿ ಮಾಡಿದರೇ ಚೆನ್ನಾಗಿ ಅರ್ಥವಾಗುವ ಪಾನೀಯ.

ಸೀಸೆಯ ಜಗಳ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ಎರಡು ದೇಶಗಳ ಪಿಸ್ಕೊ ನಿಜಕ್ಕೂ ಬೇರೆ ಬೇರೆ. ಪೆರುವಿನಲ್ಲಿ ಲಿಮಾ, ಇಕಾ, ಅರೆಕಿಪಾ, ಮೊಕೆಗ್ವಾ, ಟಾಕ್ನಾ ಎಂಬ ಐದು ಪ್ರಾಂತ್ಯಗಳಲ್ಲಿ, 8 ಬಗೆಯ ದ್ರಾಕ್ಷಿಯಿಂದ ಮಾತ್ರ ಅದನ್ನು ಮಾಡಬಹುದು. ಭಟ್ಟಿಯಿಂದ ಇಳಿಯುವಾಗಲೇ ಅದರ ಮದ್ಯಸಾರ 38ರಿಂದ 48 ಶೇಕಡಾ ಒಳಗೆ ನಿಲ್ಲಬೇಕು, ಆಮೇಲೆ ಹನಿ ನೀರನ್ನೂ ಬೆರೆಸುವಂತಿಲ್ಲ. ಮರದ ಪೀಪಾಯಿಯೂ ಕೂಡದು. ಗಾಜು, ಉಕ್ಕಿನಂಥ ತನ್ನ ರುಚಿ ಬಿಡದ ಪಾತ್ರೆಯಲ್ಲಿ ಕನಿಷ್ಠ 3 ತಿಂಗಳು ಇಡಬೇಕು. ಚಿಲಿಯ ಕ್ರಮ ಸಡಿಲ: ಅಟಕಾಮಾ ಮತ್ತು ಕೊಕಿಂಬೊ ಪ್ರಾಂತ್ಯಗಳ ಪಿಸ್ಕೊವನ್ನು ಮರದಲ್ಲಿ ಮಾಗಿಸಬಹುದು, ನೀರು ಬೆರೆಸಿ ತೀಕ್ಷ್ಣತೆ ಇಳಿಸಬಹುದು. ಹೆಸರು ಪೆರುವಿನ ಬಂದರಿನದು, ಅದರ ಮೂಲ ಹಕ್ಕಿ ಎಂಬ ಅರ್ಥದ ಕೆಚುವಾ ಪದ. ಚಿಲಿ 1931ರಷ್ಟು ಹಿಂದೆಯೇ ಆ ಹೆಸರಿಗೆ ಕಾನೂನಿನ ಬೇಲಿ ಹಾಕಿತು. 1936ರಲ್ಲಿ ಎಲ್ಕಿ ಕಣಿವೆಯ ಒಂದು ಊರಿಗೆ ಪಿಸ್ಕೊ ಎಲ್ಕಿ ಎಂದು ಮರುನಾಮಕರಣವನ್ನೇ ಮಾಡಿತು. ಆದರೆ ಪಿಸ್ಕೊ ಸವರ್ ಮಾಡಹೊರಟ ಕೂಡಲೇ ಪೆರುವಿನ ಆ ಶುದ್ಧಿಯ ನಿಷ್ಠೆಗೆ ಒಂದು ತಮಾಷೆಯ ಪೆಟ್ಟು ಬೀಳುತ್ತದೆ. ಹನಿ ನೀರು ತಾಗದಂತೆ ಕಾಪಾಡಿದ ಪಿಸ್ಕೊವನ್ನು ನಾವು ಮಂಜುಗಡ್ಡೆಯ ಜೊತೆ ಜೋರಾಗಿ ಕುಲುಕುತ್ತೇವೆ. ಕರಗಿದ ನೀರು ಅದರೊಳಗೆ ಧಾರಾಳವಾಗಿ ಸೇರುತ್ತದೆ. ಸೇರಲೇಬೇಕು, ಇಲ್ಲದಿದ್ದರೆ ಗಂಟಲಿಗಿಳಿಯದು. ಸೀಸೆಯ ಶುದ್ಧಿ ಬೇರೆ, ಲೋಟದ ರುಚಿ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಪಾನೀಯದ ಹುಟ್ಟೂ ದ್ರಾಕ್ಷಿತೋಟದ ಕಡೆಗೆ ಬೊಟ್ಟು ಮಾಡುವುದಿಲ್ಲ. ಅಮೆರಿಕದ ಯೂಟಾ ರಾಜ್ಯದ ವಿಕ್ಟರ್ ವಾನ್ ಮಾರಿಸ್ 1903ರಲ್ಲಿ ರೈಲ್ವೆ ಕೆಲಸಕ್ಕೆಂದು ಪೆರುವಿಗೆ ಬಂದವನು. 1916ರಲ್ಲಿ ಲಿಮಾದಲ್ಲಿ ಒಂದು ಬಾರ್ ತೆರೆದ. ವಿಸ್ಕಿಗೆ ನಿಂಬೆ, ಸಕ್ಕರೆ ಸೇರಿಸುವ ತನ್ನ ದೇಶದ ಪದ್ಧತಿಗೆ ಅಲ್ಲಿ ಸಿಕ್ಕ ಪಿಸ್ಕೊವನ್ನು ಹೊಂದಿಸಿದ. ಮೊಟ್ಟೆಯ ಬಿಳಿ, ಕಹಿಹನಿ ಸೇರಿಸಿ ಅದಕ್ಕೆ ಇಂದಿನ ರೂಪ ಕೊಟ್ಟವನು ಅವನ ಬಾರಿನ ಪೆರುವಿಯನ್ ಕೆಲಸಗಾರ ಮಾರಿಯೊ ಬ್ರುಯಿಗೆಟ್ ಎನ್ನುತ್ತಾರೆ. ಇದು ರೂಢಿಯ ಕತೆ. ಆದರೆ 1903ರಲ್ಲೇ ಲಿಮಾದಲ್ಲಿ ಅಚ್ಚಾದ ಒಂದು ಅಡುಗೆ ಪುಸ್ತಕದಲ್ಲಿ ಪಿಸ್ಕೊ, ಮೊಟ್ಟೆಯ ಬಿಳಿ, ಸಕ್ಕರೆ, ನಿಂಬೆ ಸೇರಿದ ಪಾನೀಯವೊಂದಿದೆ. ಎಂದರೆ ಮಾರಿಸ್ ಇನ್ನೂ ರೈಲ್ವೆಯ ಲೆಕ್ಕದಲ್ಲಿದ್ದಾಗಲೇ ಇದು ಅಡುಗೆಮನೆಯ ಪುಸ್ತಕ ಸೇರಿತ್ತು. ಬಾರ್ ಅದಕ್ಕೆ ಹೆಸರು ಕೊಟ್ಟಿತು, ಖ್ಯಾತಿ ಕೊಟ್ಟಿತು. ಮನೆಯಲ್ಲಿ ಮಾಡುವವರು ಬಾರಿನ ನಕಲು ಮಾಡುತ್ತಿದ್ದೇವೆಂದು ಅಳುಕಬೇಕಾಗಿಲ್ಲ.

ಈಗ ಹುಳಿಯ ವಿಷಯ. ಸ್ಪ್ಯಾನಿಷಿನಲ್ಲಿ ಬರೆದ ಪಾಕವಿಧಾನದಲ್ಲಿ ‘ಲಿಮೋನ್’ ಎಂದಿರುತ್ತದೆ. ಅದು ಇಂಗ್ಲಿಷಿಗೆ ಹೋಗುವಾಗ ಎಷ್ಟೋ ಸಲ ‘ಲೆಮನ್’ ಆಯಿತು. ಓದಿದವರು ಯುರೋಪಿನ ದಪ್ಪ ಸಿಪ್ಪೆಯ ಹಳದಿ ಹಣ್ಣನ್ನು ಹುಡುಕಿದರು. ಪೆರುವಿನ ಲಿಮೋನ್ ಅದಲ್ಲ. ಅದು ಉತ್ತರದ ಪಿಯುರಾ ಕಡೆ ಹೇರಳವಾಗಿ ಬೆಳೆಯುವ, ತೆಳು ಸಿಪ್ಪೆಯ, ಗುಂಡನೆಯ ಪುಟ್ಟ ಹಣ್ಣು. ಏಷ್ಯಾದಲ್ಲಿ ಹುಟ್ಟಿ, ಅರಬರ ಕೈಯಿಂದ ಸ್ಪೇನಿಗೆ, ಸ್ಪೇನಿನವರ ಹಡಗಿನಲ್ಲಿ ಅಮೆರಿಕಕ್ಕೆ ಹೋದದ್ದು. ನಮ್ಮ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ನಿಂಬೆಯೂ ಅದೇ ಜಾತಿ. ಹಾಗಾಗಿ ‘ಲೆಮನ್’ ನಂಬಿ ಹೊರಟವರಿಗಿಂತ ‘ನಿಂಬೆ’ ಎಂದು ಓದಿ ನಿಂಬೆಯನ್ನೇ ತಂದವರು ಲಿಮಾಕ್ಕೆ ಹೆಚ್ಚು ಹತ್ತಿರ. ಹಣ್ಣು ಸರಿಯಿದ್ದರೂ ಹಿಂಡುವುದರಲ್ಲಿ ಕೆಡಬಹುದು. ಪೂರಾ ಜಜ್ಜಿ ಹಿಂಡಿದರೆ ಸಿಪ್ಪೆಯ ಎಣ್ಣೆ, ಒಳಗಿನ ಬಿಳಿಯ ಕಹಿ ರಸಕ್ಕಿಳಿಯುತ್ತದೆ. ಹಿಂಡಿಟ್ಟ ರಸ ಹೊತ್ತು ಕಳೆದಂತೆ ತಾನೇ ಕಹಿಗೆ ತಿರುಗುತ್ತದೆ. ಚಿತ್ರಾನ್ನಕ್ಕೆ ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆ ಹಿಂಡಬೇಕು, ಸಿಪ್ಪೆ ತಿರುಚಬಾರದು ಎಂದು ತಿಳಿದ ಕೈಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಸೀಸೆಯಲ್ಲಿ ಪಿಸ್ಕೊ ವರ್ಷಗಟ್ಟಲೆ ಕೆಡದೆ ಕೂತಿರುತ್ತದೆ. ಈ ಪಾನೀಯದಲ್ಲಿ ಗಳಿಗೆಯ ಲೆಕ್ಕದಲ್ಲಿ ಬದುಕುವುದು ರಸ ಒಂದೇ.

ಅಳತೆಗೆ ಪೆರುವಿನಲ್ಲಿ ಮೂರು-ಒಂದು-ಒಂದು ಎಂಬ ಸೂತ್ರವಿದೆ: ಮೂರು ಪಾಲು ಪಿಸ್ಕೊ, ಒಂದು ಪಾಲು ನಿಂಬೆರಸ, ಒಂದು ಪಾಲು ಪಾಕ. 90 ಮಿಲಿ ಪಿಸ್ಕೊಗೆ 30 ಮಿಲಿ ರಸ, 30 ಮಿಲಿ ಪಾಕ, ಒಂದು ಮೊಟ್ಟೆಯ ಬಿಳಿ. ಪಾಕವೆಂದರೆ ಎಳೆ ಬರುವಷ್ಟು ಕಾಯಿಸಿದ್ದಲ್ಲ. ಸಮ ಸಮ ಸಕ್ಕರೆ, ನೀರು, ಕರಗಿದೊಡನೆ ಇಳಿಸಿ ಆರಿಸಿದ್ದು. ಮೊದಲು ಮಂಜುಗಡ್ಡೆಯಿಲ್ಲದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಚೆನ್ನಾಗಿ ಕುಲುಕಬೇಕು. ಮೊಟ್ಟೆಯ ಬಿಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಉಳಿದದ್ದು ಹೆಚ್ಚೂಕಡಿಮೆ ಪ್ರೋಟೀನು. ಕುಲುಕಿದಾಗ ಆ ಪ್ರೋಟೀನಿನ ಸುರುಳಿ ಬಿಚ್ಚಿ ಗಾಳಿಗುಳ್ಳೆಗಳ ಸುತ್ತ ಬಲೆ ಹೆಣೆಯುತ್ತದೆ, ನಿಂಬೆಯ ಆಮ್ಲ ಆ ಬಲೆಯನ್ನು ಬೇಗ ಹರಿಯದಂತೆ ಹಿಡಿಯುತ್ತದೆ. ಆಮೇಲೆ ಮಂಜುಗಡ್ಡೆ ಹಾಕಿ, ಡಬ್ಬಿ ಕೈಗೆ ಕೊರೆಯುವವರೆಗೆ ಮತ್ತೆ ಕುಲುಕಿ ಸೋಸಬೇಕು. ಪೆರುವಿನ ಮನೆಗಳಲ್ಲಿ ಇದನ್ನು ಮಿಕ್ಸಿಯಲ್ಲೇ ತಿರುಗಿಸುವುದೂ ಉಂಟು. ನೊರೆ ಮೇಲೇರಿ ನಿಂತ ಮೇಲೆ ಅಂಗೊಸ್ಟುರಾ ಬಿಟರ್ಸ್ ಎಂಬ ಕಹಿದ್ರವ್ಯ ಹನಿಸುವುದು. ಅದರ ಮಸಾಲೆ ಪರಿಮಳ ಮೊಟ್ಟೆಯ ಹಸಿವಾಸನೆಯನ್ನು ಮುಚ್ಚುತ್ತದೆ. ಚಿಲಿಯಲ್ಲಿ ಸಾಮಾನ್ಯವಾಗಿ ಮೊಟ್ಟೆಯನ್ನೂ ಬಿಟರ್ಸನ್ನೂ ಬಿಟ್ಟುಬಿಡುತ್ತಾರೆ. ಅಲ್ಲೂ ಬಿಡದೆ ಉಳಿಯುವುದು ಹುಳಿ. ಸೂತ್ರ ಕೊಡುವುದು ಆರಂಭ ಮಾತ್ರ; ಬೇಸಿಗೆಯ ನಿಂಬೆ ಮಳೆಗಾಲದ್ದಲ್ಲ, ಒಂದು ಚಮಚ ಪಾಕ ಹೆಚ್ಚಬೇಕೆ ಎಂಬುದನ್ನು ನಾಲಿಗೆ ಹೇಳಬೇಕು.

ಇಲ್ಲಿ ಆಕ್ಷೇಪ ಬರುವುದು ಸಹಜ. ಹುಳಿಯೇ ಪ್ರಾಣವಾದರೆ ಪಿಸ್ಕೊ ಏಕೆ, ಅಂಗಡಿಯಲ್ಲಿ ಸಿಗುವ ಯಾವುದೋ ಬ್ರಾಂದಿ ಸಾಲದೆ? ಸಾಲದು. ಭಾರತದ ಅಗ್ಗದ ಬ್ರಾಂದಿಗಳಲ್ಲಿ ಬಹಳಷ್ಟು ಕಾಕಂಬಿಯ ಮದ್ಯಸಾರದಿಂದ ಆದವು. ದ್ರಾಕ್ಷಿಯದೇ ಆದರೂ ಮರದಲ್ಲಿ ಮಾಗಿದ ಬ್ರಾಂದಿಗೆ ಬೇರೆಯದೇ ಕಂಪು. ಹಣ್ಣಿನ ವಾಸನೆಯನ್ನು ಹಾಗೇ ಉಳಿಸಿಕೊಂಡ ಪಿಸ್ಕೊದ ಮುಂದೆ ನಿಂಬೆಗೆ ಒಂದು ಜೊತೆ ಸಿಗುತ್ತದೆ. ಹುಳಿ ಮುಖ್ಯ ಎಂದರೆ ಉಳಿದದ್ದು ನಗಣ್ಯ ಎಂದಲ್ಲ. ಸಾರಿಗೆ ಹುಣಿಸೆ ಮುಖ್ಯ ಎಂದವರು ಬೇಳೆ ಬೇಡ ಎಂದಂತಾಯಿತೆ? ಬ್ರಾಂದಿಯಲ್ಲಿ ಮಾಡಿದ್ದು ರುಚಿಯಾಗಿರಬಹುದು, ಅದನ್ನು ಬ್ರಾಂದಿ ಸವರ್ ಎಂದೇ ಕರೆಯಬೇಕು. ನ್ಯಾಯಾಲಯ ಪೆರು, ಚಿಲಿಗಳಿಂದ ಕೇಳಿದ್ದೂ ಇಷ್ಟೇ ಪ್ರಾಮಾಣಿಕತೆಯನ್ನು.

ಎರಡನೆಯ ಆಕ್ಷೇಪ ಹಸಿಮೊಟ್ಟೆಯದು. ಅದು ಗಟ್ಟಿಯಾದದ್ದು: ಹಸಿಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಕಾಕ್‌ಟೇಲಿನ ಮದ್ಯ, ಹುಳಿ ನಿಮಿಷ ಎರಡು ನಿಮಿಷದಲ್ಲಿ ಅದನ್ನು ಕೊಲ್ಲುತ್ತವೆಂಬ ಭರವಸೆಯಿಲ್ಲ. ಪಾಶ್ಚರೀಕರಿಸಿದ ಮೊಟ್ಟೆಯ ಬಿಳಿ ಒಂದು ದಾರಿ. ಇನ್ನೊಂದು ದಾರಿ ನಮ್ಮ ಒಲೆಯ ಮೇಲೇ ಇದೆ: ಕಾಬೂಲಿ ಕಡಲೆ ಬೇಯಿಸಿದ ಕಟ್ಟು. ಉಪ್ಪು ಹಾಕದೆ ಬೇಯಿಸಿ, ಬಸಿದು, ಲೋಳೆಯಾಗುವಷ್ಟು ಕುದಿಸಿ ಆರಿಸಿದರೆ ಅದರ ಪ್ರೋಟೀನು, ಸಪೋನಿನ್ನುಗಳು ಮೊಟ್ಟೆಯಂತೆಯೇ ನೊರೆ ಕಟ್ಟುತ್ತವೆ. ಅಂಟುವಾಳದ ನೊರೆಗೂ ಸಪೋನಿನ್ನೇ ಕಾರಣ. ಮೊಟ್ಟೆ ತಿನ್ನದ ಮನೆಯವರಿಗೂ ಇದರಿಂದ ಅಡ್ಡಿಯಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು: ಕುಡಿತದ ಬಗ್ಗೆ ಇಷ್ಟು ಅಕ್ಕರೆ ಏಕೆ? ಪೆರು ತನ್ನ ಪಿಸ್ಕೊ ಸವರನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆ ಎಂದು ಸಾರಿದ್ದು 2007ರಲ್ಲಿ. ಕರ್ನಾಟಕ ಸಾರಾಯಿ ಮಾರಾಟವನ್ನು ನಿಷೇಧಿಸಿದ್ದೂ ಅದೇ ವರ್ಷ. ಸಾರಾಯಿಗೆ ಮನೆಗಳು ತೆತ್ತ ಬೆಲೆ ಕಂಡವರಿಗೆ ಪರಂಪರೆಯ ಮಾತು ಹಗುರ ಅನಿಸೀತು. ಅದಕ್ಕೆ ಉತ್ತರ ಸಮರ್ಥನೆಯಲ್ಲ, ಲೆಕ್ಕ. 42 ಶೇಕಡಾದ 90 ಮಿಲಿ ಪಿಸ್ಕೊದಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರವಿದೆ. ಒಂದು ಲೋಟದಂತೆ ಕಾಣುವುದು ನಿಜದಲ್ಲಿ ಮೂರು ಪೆಗ್ಗು. ನೊರೆ, ಸಿಹಿ, ತಂಪು ಮೂರೂ ಸೇರಿ ಅದನ್ನು ಮರೆಮಾಚುತ್ತವೆ. ಬಾರಿನಲ್ಲಿ ಈ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ಅಳೆದು ಸುರಿಯುವ ಕೈಗೆ ಬೀಳುತ್ತದೆ. 90ನ್ನು 45ಕ್ಕೆ ಇಳಿಸಿ, ರಸ, ಪಾಕಗಳನ್ನೂ ಅರ್ಧ ಮಾಡಿದರೆ ಹದ ಕೆಡುವುದಿಲ್ಲ. ಕುಡಿಯದವರು ಪಿಸ್ಕೊವನ್ನು ಪೂರ್ತಿ ಬಿಟ್ಟು, ಹುಳಿ ಚುರುಕೆನಿಸದಷ್ಟು ತಣ್ಣೀರು ಬೆರೆಸಿದರೆ ಉಳಿಯುವುದು ನೊರೆಗಟ್ಟಿದ ನಿಂಬೆ ಪಾನಕ. ಅದಕ್ಕೆ ಹಳೆಯ ಹೆಸರೇ ಸಾಕು.

ಚೆನ್ನೈನ ಆ ನೋಂದಣಿ ಪುಸ್ತಕದಲ್ಲಿ ಪೆರುವಿನ ಪಿಸ್ಕೊ ಇದೆ; ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಯೂ ಇದೆ. ಇವೆರಡರ ಊರು, ಗಡಿ, ಬೆಳೆಯುವ ಕ್ರಮವನ್ನು ಆ ಪುಸ್ತಕ ಬರೆದಿಡಬಲ್ಲದು. ಹೋಳಾದ ಹಣ್ಣನ್ನು ಎಷ್ಟು ಹಿಂಡಿ ಎಲ್ಲಿ ಕೈಬಿಡಬೇಕು ಎಂಬ ಕಲಮು ಮಾತ್ರ ಅದರಲ್ಲಿಲ್ಲ.