ಕಾಟಾದ ತಂತಿಯೊಳಗಿನ ಗದ್ದಲ

ಸೊಲ್ಲಾಪುರ ಜಿಲ್ಲೆಯ ಮಂದ್ರೂಪದ ಸುತ್ತ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮಾತೆಲ್ಲ ಕಾಟಾದ, ಅಂದರೆ ಕಬ್ಬಿನ ಗಾಡಿ ತೂಗುವ ವೇಬ್ರಿಜ್ಜಿನ, ಮೇಲೆಯೇ. ತೂಕ ಹೊಡೆಯುತ್ತಾರೆಂಬ ಸಂಶಯ ರೈತನಿಗೆ ಹಳೆಯದು. ಆ ಜಗಳ ಬೇರೆಯವರು ಆಡಲಿ. ನನ್ನ ಪ್ರೀತಿ ಕಾಟಾದ ಹೊಟ್ಟೆಯೊಳಗಿನ ಸಣ್ಣ ವೋಲ್ಟೇಜಿನ ಮೇಲೆ. ಹಾಸಿನಡಿ ಕೂತು ಭಾರ ಹೊರುವ ಲೋಡ್ ಸೆಲ್ಲಿಗೆ 10 ವೋಲ್ಟ್ ಡಿ.ಸಿ. ಕೊಟ್ಟರೆ, ಪೂರ್ತಿ ಭಾರ ಬಿದ್ದಾಗ ಅದು ಮರಳಿಸುವುದು ಸಾಮಾನ್ಯವಾಗಿ 20 ಮಿಲಿವೋಲ್ಟ್. 50 ಟನ್ನಿನ ಕಾಟಾ ಎಂದು ಹಿಡಿಯಿರಿ. 10 ಕಿಲೋ ಕಬ್ಬಿನ ಪಾಲಿಗೆ ಬರುವುದು ಬರೀ 4 ಮೈಕ್ರೋವೋಲ್ಟ್. ಪಕ್ಕದಲ್ಲೇ 415 ವೋಲ್ಟಿನ ಮೋಟರು ತಿರುಗುತ್ತಿರುವಾಗ ಇಷ್ಟನ್ನು ಕಾಪಾಡಿ ತರುವ ಕಸುಬು ದುಬಾರಿ ಮೀಟರಿನಲ್ಲಿಲ್ಲ, ತಂತಿ ಎಳೆಯುವ ಕೈಯಲ್ಲಿದೆ ಎಂಬುದು ನನ್ನ ವಾದ.

ಈ ಸಣ್ಣ ವೋಲ್ಟೇಜಿನೊಳಗೆ ಹೊರಗಿನ ವಿದ್ಯುತ್ ಗದ್ದಲ (ನಾಯ್ಸ್) ನುಗ್ಗುವ ದಾರಿಗಳಲ್ಲಿ ಒಂದರ ಮದ್ದು ಇನ್ನೊಂದಕ್ಕೆ ನಡೆಯದು. ಪಕ್ಕದ ತಂತಿಯ ವೋಲ್ಟೇಜು ಗಾಳಿಯಲ್ಲೇ ದಾಟಿ ಬರುವುದನ್ನು ಅಲ್ಯೂಮಿನಿಯಂ ಹಾಳೆಯ ಕವಚ ತಡೆಯುತ್ತದೆ. ಅದೇ ತಂತಿಯ ಕರೆಂಟು ಹುಟ್ಟಿಸುವ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಆ ಹಾಳೆ ಇದ್ದೂ ಇಲ್ಲದಂತೆ. ಅಲ್ಲಿ ಬೇಕಾದದ್ದು ಹೊಸೆತ: ಎರಡು ಎಳೆಗಳನ್ನು ಒತ್ತಾಗಿ ಹೊಸೆದರೆ ಒಂದು ಸುತ್ತಿನಲ್ಲಿ ಹುಟ್ಟಿದ್ದನ್ನು ಮುಂದಿನ ಸುತ್ತು ಅಳಿಸಿಹಾಕುತ್ತದೆ. ಕೇಬಲ್ ಮಾಡಿದವರು ನೀಟಾಗಿ ಹೊಸೆದು ಕೊಟ್ಟದ್ದನ್ನು ಸೆಲ್ಲುಗಳ ತಂತಿ ಕೂಡುವ ಜಂಕ್ಷನ್ ಬಾಕ್ಸಿನೊಳಗೆ ಗೇಣುದ್ದ ಬಿಚ್ಚಿ ಕೆಡಿಸುವವರು ನಾವೇ. ಸ್ಕ್ರೂಗೆ ಅರ್ಧ ಇಂಚು ಉಳಿಯುವತನಕ ಹೊಸೆತ ಬಿಡದೆ, ಕವಚಕ್ಕೆ ತಾಗಿಕೊಂಡೇ ಬರುವ ಬೆತ್ತಲೆ ಡ್ರೇನ್ ತಂತಿಗೆ ಸ್ಲೀವ್ ತೊಡಿಸಿ, ಕವಚವನ್ನು ತೂಕ ತೋರಿಸುವ ಇಂಡಿಕೇಟರ್ ಬದಿಗೆ ಮಾತ್ರ ಅರ್ಥ್ ಮಾಡಿ ಮುಚ್ಚಳ ಹಾಕುವಾಗಿನ ತೃಪ್ತಿ ಮಾಡಿದವರಿಗೇ ಗೊತ್ತು. ಎರಡೂ ತುದಿ ಅರ್ಥ್ ಮಾಡಿದರೆ ಇನ್ನೂ ಭದ್ರವಲ್ಲವೇ ಎನ್ನುವ ಎಲೆಕ್ಟ್ರಿಷಿಯನ್ನರಿದ್ದಾರೆ. ರೇಡಿಯೋ ಅಲೆಗಳ ಮಟ್ಟಿಗೆ ಅವರ ಮಾತು ಸರಿ. ಆದರೆ ಎರಡು ಅರ್ಥಿಂಗ್ ಗುಂಡಿಗಳ ನಡುವೆ ಚೂರು ವೋಲ್ಟೇಜು ವ್ಯತ್ಯಾಸವಿದ್ದರೂ ಕವಚದಲ್ಲೇ ಕರೆಂಟು ಹರಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ದೂರದ ತುದಿಯನ್ನು ಸಣ್ಣ ಕೆಪ್ಯಾಸಿಟರ್ ಮೂಲಕ ಅರ್ಥಿಗೆ ಸೇರಿಸಿದರೆ ಇಬ್ಬರ ಮಾತೂ ನಡೆಯುತ್ತದೆ.

ಇದಕ್ಕಿಂತ ಗಟ್ಟಿ ತಕರಾರು ಇನ್ನೊಂದು: ಅಳೆಯುವುದು ಡಿ.ಸಿ., ಗದ್ದಲ ಎ.ಸಿ.; 20 ಮಿಲಿಸೆಕೆಂಡಿನ ಸರಾಸರಿ ತೆಗೆದರೆ ಅದು ತಾನೇ ಸೊನ್ನೆಯಾಗುವುದಿಲ್ಲವೇ? ಬಹುಮಟ್ಟಿಗೆ ಆಗುತ್ತದೆ, ಒಪ್ಪಿದೆ. ಆದರೆ ಗ್ರಿಡ್ಡಿನ ಆವರ್ತನ ಸದಾ 50ಕ್ಕೇ ನಿಲ್ಲುವುದಿಲ್ಲ. ಮೇಲಾಗಿ ವಾಕಿಟಾಕಿ, ಮೊಬೈಲಿನ ಗದ್ದಲ ಆಂಪ್ಲಿಫೈಯರಿನ ಬಾಯಲ್ಲೇ ರೆಕ್ಟಿಫೈ ಆಗಿ ಡಿ.ಸಿ. ವೇಷದಲ್ಲಿ ಒಳಗೆ ಬರುತ್ತದೆ. ಆಮೇಲೆ ಅದನ್ನು ತೂಕದಿಂದ ಬೇರ್ಪಡಿಸಲು ಯಾವ ಸರಾಸರಿಗೂ ಆಗದು. ದೊಡ್ಡ ಲೈನುಗಳ ಮೇಲೆ ದೂರು ಹೊರಿಸುವವರೂ ಉಂಟು. ದಕ್ಷಿಣದ ಗ್ರಿಡ್ಡನ್ನು 2013ರ ಡಿಸೆಂಬರ್ 31ರಂದು ದೇಶದ ಗ್ರಿಡ್ಡಿಗೆ ಜೋಡಿಸಿದ ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನು ಈ ಸೀಮೆಗೇ ಬಂದು ಮುಟ್ಟಿದ್ದು ನಿಜ. ಆದರೂ ದೂರದ ಆ ಲೈನಿಗಿಂತ ಒಂದೇ ಪೈಪಿನಲ್ಲಿ ತುರುಕಿದ ಮೋಟರಿನ ಕೇಬಲ್ಲೇ ಕಾಟಾಕ್ಕೆ ದೊಡ್ಡ ಶತ್ರು. ಬೇರೆ ಪೈಪು ಹಾಕಬೇಕು, ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಬೇಕು. ಕವಚಕ್ಕೂ ಹೊಸೆತಕ್ಕೂ ಬಗ್ಗದ ಇನ್ನೊಂದಿದೆ, ಬಿಸಿಲು: ಬೇರೆ ಬೇರೆ ಲೋಹ ಕೂಡುವಲ್ಲಿ ಶಾಖದ ಏರುಪೇರು ಹುಟ್ಟಿಸುವ ಮೈಕ್ರೋವೋಲ್ಟುಗಳು ಅಪ್ಪಟ ಡಿ.ಸಿ. ಕೊಟ್ಟ ವೋಲ್ಟೇಜನ್ನು ಅದಲುಬದಲು ಮಾಡಿ, ಎರಡು ಸಲ ಅಳೆದು ಕಳೆಯುವ ಇಂಡಿಕೇಟರುಗಳು ಅದನ್ನೂ ತೆಗೆಯುತ್ತವೆ. ಅಷ್ಟು ಖರ್ಚು ಬೇಡವೆನ್ನುವವರು ಮೊದಲು ಜಂಕ್ಷನ್ ಬಾಕ್ಸಿಗೆ ನೆರಳು ಮಾಡಿಕೊಡಲಿ.